ಎರಡನೆಯ ಕಣ್ಣಿಗಾಗಿ ಒಂದು ಸಂಘ

ಮುಳಬಾಗಿಲು ಎಂದರೆ ದೋಸೆ, ಶ್ರೀನಿವಾಸಪುರವೆಂದರೆ ಮಾವು, ಮಾಲೂರೆಂದರೆ ಹೆಂಚು ಮತ್ತು ಇಟ್ಟಿಗೆ, ಕೋಲಾರವೆಂದರೆ ಹಾಲು ಮತ್ತು ರೇಷ್ಮೆ. ಚಿನ್ನದ ಮಾತು ಬೇರೆ. ಆ ಗಣಿ 2001ರಲ್ಲೇ ಬಾಗಿಲು ಹಾಕಿತು. ಈ ಪಟ್ಟಿಯಲ್ಲಿ ಹೆಂಚು, ಇಟ್ಟಿಗೆಗಳನ್ನು ಬಿಟ್ಟರೆ ಉಳಿದುದೆಲ್ಲ ಬರಿಗಣ್ಣಿಗೆ ಕಾಣದ ಜೀವಿಗಳ ಮರ್ಜಿಯಲ್ಲಿದೆ. ದೋಸೆಯ ಹಿಟ್ಟು ಬೆಳಗಾಗುವುದರೊಳಗೆ ಉಬ್ಬಿ ಹುಳಿಯಾಗುವುದು ಬ್ಯಾಕ್ಟೀರಿಯಾ, ಯೀಸ್ಟ್‌ಗಳ ಕೆಲಸ. ಮಾವಿನ ಹೂಗೊಂಚಲಿಗೆ ಹಿಡಿಯುವ ಬೂದಿ ರೋಗ ಶಿಲೀಂಧ್ರದ ಕೆಲಸ. ಹಾಲು ಕೆಡುವುದೂ, ರೇಷ್ಮೆ ಹುಳು ಸಾಯುವುದೂ ಇದೇ ಕಾಣದ ಲೋಕದ ವಿದ್ಯಮಾನಗಳು.

ಈ ಲೋಕವನ್ನು ಓದುವುದನ್ನೇ ವೃತ್ತಿ ಮಾಡಿಕೊಂಡವರು ಸಂಘ ಕಟ್ಟಿಕೊಂಡಿದ್ದಾರೆ. ಭಾರತೀಯ ವೈದ್ಯಕೀಯ ಸೂಕ್ಷ್ಮಜೀವಿ ತಜ್ಞರ ಸಂಘ 1976ರಲ್ಲಿ ಹುಟ್ಟಿತು. ರಾಜ್ಯಗಳಲ್ಲಿ ಅದಕ್ಕೆ ಶಾಖೆಗಳಿವೆ, ಕರ್ನಾಟಕದಲ್ಲೂ ಇದೆ. ವರ್ಷಕ್ಕೊಮ್ಮೆ ಸಮ್ಮೇಳನ ನಡೆಯುತ್ತದೆ. ಹೊರಗಿನಿಂದ ನೋಡುವವರಿಗೆ ಇಂಥ ಸಮ್ಮೇಳನಗಳೆಲ್ಲ ಒಂದೇ ತೆರ. ಕಾಲೇಜಿನ ಬಾಗಿಲಿಗೆ ಬಟ್ಟೆಯ ಬ್ಯಾನರು, ನೋಂದಣಿ ಮೇಜಿನ ಮೇಲೆ ಕೈಚೀಲಗಳ ಸಾಲು, ದೀಪ ಬೆಳಗುವ ಗಣ್ಯರು, ಹಿರಿಯರೊಬ್ಬರ ಸ್ಮಾರಕ ಉಪನ್ಯಾಸ, ಮಧ್ಯಾಹ್ನದ ಊಟದ ಮೇಲೆ ತೂಕಡಿಸುವ ಹಿಂದಿನ ಸಾಲು, ವಿದ್ಯಾರ್ಥಿಗಳ ಭಿತ್ತಿಪತ್ರಗಳು, ಸಂಜೆ ಸರ್ವಸದಸ್ಯರ ಸಭೆಯಲ್ಲಿ ಲೆಕ್ಕಪತ್ರ ಮತ್ತು ಒಂದಿಷ್ಟು ವಾಗ್ವಾದ. ಮೂಲೆಯಲ್ಲೊಂದು ಮೇಜಿನ ಮೇಲೆ ಸದಸ್ಯತ್ವದ ಅರ್ಜಿಗಳು. ಹೊಸಬರು ಕಂಡರೆ ಖಜಾಂಚಿಗಳು ಆಜೀವ ಸದಸ್ಯತ್ವದ ಲಾಭಗಳನ್ನು ವಿವರಿಸದೆ ಬಿಡುವುದಿಲ್ಲ.

ವೈದ್ಯರು ಐದು ವರ್ಷಕ್ಕೆ 30 ಗಂಟೆ ಮುಂದುವರಿದ ಕಲಿಕೆಯಲ್ಲಿ ತೊಡಗಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2002ರ ನಿಯಮಗಳಲ್ಲಿ ಹೇಳಿತು. ಸ್ನಾತಕೋತ್ತರ ವಿದ್ಯಾರ್ಥಿಗಳಿಂದ ಸಮ್ಮೇಳನದಲ್ಲಿ ಪ್ರಬಂಧ ಮಂಡನೆಯನ್ನೂ ಮಂಡಳಿ ಅಪೇಕ್ಷಿಸಿತು. ಹಾಗಾಗಿ ಇಂಥ ಕೂಟಗಳು ಸರ್ಟಿಫಿಕೇಟಿಗಾಗಿ ಸೇರುವ ಜಾತ್ರೆ ಎಂದು ಮೂಗು ಮುರಿಯುವವರಿಗೆ ಕೊರತೆಯಿಲ್ಲ. ಅವರ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಸೂಕ್ಷ್ಮಜೀವಿ ವಿಜ್ಞಾನಕ್ಕೂ ಸಭೆಗೂ ಇರುವ ನಂಟು ಬೇರೆ ವಿಜ್ಞಾನಗಳಿಗಿಂತ ಒಂದು ಕೈ ಹೆಚ್ಚಿನದು. ಕಲ್ಲು, ನಕ್ಷತ್ರ, ಗಿಡಮರಗಳನ್ನು ತೋರಿಸಿ ‘ನೋಡಿ’ ಎನ್ನಬಹುದು. ಸೂಕ್ಷ್ಮದರ್ಶಕದ ಕೆಳಗೆ ಒಬ್ಬರು ಕಂಡದ್ದನ್ನು ಪಕ್ಕದಲ್ಲಿ ನಿಂತವರೂ ಒಪ್ಪಬೇಕೆಂದಿಲ್ಲ. ಕಂಡದ್ದು ರೋಗಾಣುವೇ, ಬಣ್ಣದ ಚೂರೇ, ಗಾಜಿನ ಮೇಲಿನ ಧೂಳೇ? ಎರಡನೆಯ ಕಣ್ಣೊಂದು ಬೇಕೇ ಬೇಕು. ಈ ಸಂಘಗಳ ಚರಿತ್ರೆಯೆಂದರೆ ಆ ಎರಡನೆಯ ಕಣ್ಣಿನ ಹುಡುಕಾಟದ ಚರಿತ್ರೆ.

ಚಿಟ್ಟೆಯನ್ನು ಅರೆದು ನೋಡಿದವರು

ಕೋಲಾರದ ರೇಷ್ಮೆ ಬೆಳೆಗಾರರಿಗೆ ಪಾಶ್ಚರ್ ಹೆಸರು ಗೊತ್ತಿರದಿದ್ದರೂ ಪಾಶ್ಚರ್ ವಿಧಾನ ಗೊತ್ತು. ಹುಳುವಿಗೆ ಬರುವ ರೋಗಗಳಿಗೆ ಇಲ್ಲಿನವರು ಇಟ್ಟಿರುವ ಹೆಸರುಗಳು ಯಾವ ಪಠ್ಯಪುಸ್ತಕಕ್ಕೂ ಕಡಿಮೆಯಿಲ್ಲ: ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು, ಗಂಟು ರೋಗ. ಕೊನೆಯದೇ ಯುರೋಪಿನಲ್ಲಿ ಪೆಬ್ರಿನ್ ಎಂದು ಹೆಸರಾದದ್ದು. 19ನೇ ಶತಮಾನದ ನಡುವೆ ಫ್ರಾನ್ಸಿನ ರೇಷ್ಮೆ ಉದ್ಯಮವನ್ನು ನೆಲಕಚ್ಚಿಸಿದ ಈ ರೋಗದ ಬೆನ್ನು ಹತ್ತಿ ಲೂಯಿ ಪಾಶ್ಚರ್ 1865ರಲ್ಲಿ ದಕ್ಷಿಣ ಫ್ರಾನ್ಸಿನ ಅಲೆಸ್ ಪಟ್ಟಣಕ್ಕೆ ಹೋದರು. ಅಲ್ಲಿಯವರೆಗೆ ಅವರು ರೇಷ್ಮೆ ಹುಳುವನ್ನು ಮುಟ್ಟಿದವರಲ್ಲ.

ರೋಗಾಣು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆ ಎಂಬುದು ಗೊತ್ತಾದ ಮೇಲೆ ಅವರು ಸೂಚಿಸಿದ ಉಪಾಯ ಬಹಳ ಸರಳ. ಪ್ರತಿ ಚಿಟ್ಟೆ ಬೇರೆ ಬೇರೆಯಾಗಿ ಮೊಟ್ಟೆಯಿಡಲಿ. ಬಳಿಕ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ. ಹೊಳೆಯುವ ಅಂಡಾಕಾರದ ಕಣಗಳು ಕಂಡರೆ ಅದರ ಮೊಟ್ಟೆಗಳನ್ನು ಸುಡಿ. ಕಾಣದಿದ್ದರೆ ಆ ಮೊಟ್ಟೆ ಬಿತ್ತನೆಗೆ ಯೋಗ್ಯ. ಈ ಕೆಲಸಕ್ಕೆ ಪಾಶ್ಚರ್ ಪದವೀಧರರನ್ನು ಕೇಳಲಿಲ್ಲ. ಅವರ ಹೆಂಡತಿ, ಮಗಳು ಇಬ್ಬರೂ ಹುಳು ಸಾಕಣೆಯ ಪ್ರಯೋಗಗಳಲ್ಲಿ ಕೈಜೋಡಿಸಿದ್ದರು. 1870ರಲ್ಲಿ ಪಾಶ್ಚರ್ ಇದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದರು.

ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ರೇಷ್ಮೆ 1860ರ ದಶಕದಲ್ಲಿ ಹುಳುರೋಗದಿಂದ ಇಲ್ಲೂ ಸೊರಗಿತ್ತು. ಆಮೇಲಿನ ಚೇತರಿಕೆಯ ಕತೆಯಲ್ಲಿ ಬಿತ್ತನೆ ಕೋಠಿಗಳದ್ದೇ ಮುಖ್ಯ ಪಾತ್ರ. ಬಿತ್ತನೆ ಕೋಠಿಯಲ್ಲಿ ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂರುವವರ ಕೆಲಸ 150 ವರ್ಷದ ಹಿಂದೆ ಅಲೆಸ್‌ನಲ್ಲಿ ನಡೆದದ್ದೇ. ಅವರ ಕಣ್ಣು ತಪ್ಪಿದರೆ ರೈತನ ಇಡೀ ಬೆಳೆ ಹೋಗುತ್ತದೆ. ಸೂಕ್ಷ್ಮಜೀವಿ ವಿಜ್ಞಾನ ಕೋಲಾರಕ್ಕೆ ಬಂದದ್ದು ಕಾಲೇಜುಗಳ ಮೂಲಕ ಎಂದು ತಿಳಿಯುವುದು ಸರಿಯಲ್ಲ. ಅದು ಬಂದದ್ದು ಹಿಪ್ಪುನೇರಳೆ ತೋಟದ ದಾರಿಯಲ್ಲಿ.

ಒಂದು ಶೀಶೆ, ಹತ್ತು ಸಹಿ

ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಕಾಲಿಟ್ಟಿತು. ಜನ ಊರು ಬಿಟ್ಟು ಬಯಲಿನ ಗುಡಿಸಲುಗಳಿಗೆ ಹೋದರು. ಮಾರಮ್ಮನಿಗೆ ಪ್ಲೇಗಿನ ಹೆಸರೂ ಸೇರಿಕೊಂಡಿತು. ಇದೇ ಕಾಲದಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗಿನ ಚುಚ್ಚುಮದ್ದು ದೊಡ್ಡ ಪ್ರಮಾಣದಲ್ಲಿ ನಡೆದು ವೈದ್ಯಲೋಕದ ಗಮನ ಸೆಳೆಯಿತು. ಆ ಮದ್ದನ್ನು ಮುಂಬೈಯಲ್ಲಿ ತಯಾರಿಸಿದವರು ವಾಲ್ಡೆಮರ್ ಹಾಫ್ಕಿನ್. 1897ರ ಜನವರಿ 10ರಂದು ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡ ಸಾಹಸಿ.

ಐದು ವರ್ಷಗಳ ಮೇಲೆ ಪಂಜಾಬಿನ ಮಾಲ್ಕೋವಾಲ್ ಎಂಬ ಹಳ್ಳಿಯಲ್ಲಿ ಅನಾಹುತವಾಯಿತು. 1902ರ ಅಕ್ಟೋಬರ್ 30ರಂದು ಅಲ್ಲಿ ಚುಚ್ಚುಮದ್ದು ಪಡೆದವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಆ 19 ಮಂದಿಗೂ ಮದ್ದು ಕೊಟ್ಟದ್ದು ಒಂದೇ ಶೀಶೆಯಿಂದ. ಸರಕಾರದ ವಿಚಾರಣೆ ದೋಷವನ್ನು ಮುಂಬೈಯ ಪ್ರಯೋಗಾಲಯದ ಮೇಲೆ ಹೊರಿಸಿತು. ಹಾಫ್ಕಿನ್ ಹುದ್ದೆ ಕಳೆದುಕೊಂಡು ಲಂಡನ್ನಿಗೆ ಮರಳಿದರು.

ಕಡತಗಳು ಹೊರಬರಲು ನಾಲ್ಕೈದು ವರ್ಷ ಹಿಡಿಯಿತು. ಅವುಗಳಲ್ಲಿ ಒಂದು ಸಣ್ಣ ಸಂಗತಿ ಇತ್ತು. ಹಳ್ಳಿಯಲ್ಲಿ ಶೀಶೆಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು; ಅದನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಲಾಗಿತ್ತು. ಧನುರ್ವಾಯುವಿನ ರೋಗಾಣು ವಾಸಿಸುವುದೇ ಮಣ್ಣಿನಲ್ಲಿ. ಶೀಶೆ ಪ್ರಯೋಗಾಲಯದಲ್ಲೇ ಕೆಟ್ಟಿದ್ದರೆ ತೆರೆದ ಕೂಡಲೇ ದುರ್ವಾಸನೆ ಹೊಡೆಯಬೇಕಿತ್ತು ಎಂಬ ವಾದವೂ ಇತ್ತು. 1907ರ ಜುಲೈ 29ರಂದು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಒಂದು ಪತ್ರ ಬಂತು. ಕೆಳಗೆ ಹತ್ತು ಮಂದಿ ತಜ್ಞರ ಸಹಿ. ಅವರಲ್ಲಿ ಪ್ರಮುಖರು ರೊನಾಲ್ಡ್ ರಾಸ್. ಮಲೇರಿಯ ಸೊಳ್ಳೆಯಿಂದ ಬರುತ್ತದೆಂದು ತೋರಿಸಿ ನೊಬೆಲ್ ಪಡೆದ ಇದೇ ರಾಸ್ ಹಿಂದೆ ಬೆಂಗಳೂರಿನಲ್ಲಿ ಕೆಲಸ ಮಾಡಿದ್ದರು. ಸೊಳ್ಳೆಗಳು ತಮ್ಮ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಹುಟ್ಟುತ್ತಿವೆ ಎಂದು ಅವರು ಮೊದಲು ಗಮನಿಸಿದ್ದು ಇಲ್ಲೇ, 1883ರಲ್ಲಿ. ಹಾಫ್ಕಿನ್ ಮೇಲಿನ ಆರೋಪಕ್ಕೆ ಆಧಾರವಿಲ್ಲವೆಂದು ಪತ್ರ ಸಾರಿತು. ಅದೇ ವರ್ಷ ಅವರು ಭಾರತಕ್ಕೆ ಮರಳಿದರು. 1925ರಲ್ಲಿ ಮುಂಬೈಯ ಪ್ರಯೋಗಾಲಯಕ್ಕೆ ಅವರ ಹೆಸರನ್ನೇ ಇಡಲಾಯಿತು.

ಹಾಫ್ಕಿನ್ ಒಬ್ಬರೇ ಕೂಗಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಐದು ವರ್ಷ ಕೇಳಿರಲೂ ಇಲ್ಲ. ಅದೇ ಪುರಾವೆಯನ್ನು ಅದೇ ವಿದ್ಯೆ ಬಲ್ಲ ಹತ್ತು ಮಂದಿ ಮತ್ತೆ ಓದಿದಾಗ ತೂಕ ಬಂತು.

ಬಾಗಿಲು ಎಷ್ಟು ಅಗಲ?

ಅಮೆರಿಕದಲ್ಲಿ ಬ್ಯಾಕ್ಟೀರಿಯಾ ತಜ್ಞರ ಸಂಘ ಹುಟ್ಟಿದ್ದು 1899ರಲ್ಲಿ. ಸ್ಥಾಪಕ ಸದಸ್ಯರು 59 ಮಂದಿ; ಮೊದಲ ಸಭೆ ಡಿಸೆಂಬರಿನಲ್ಲಿ, ಯೇಲ್ ವಿಶ್ವವಿದ್ಯಾಲಯದಲ್ಲಿ. ಆ ಹೊತ್ತಿಗೆ ವೈದ್ಯರು, ಪಶುವೈದ್ಯರು, ನೀರು ಸರಬರಾಜಿನವರು, ಡೇರಿಯವರು ಎಲ್ಲರೂ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದರು. ಒಬ್ಬರ ವಿಧಾನ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ಒಂದೇ ಜೀವಿಗೆ ಹಲವು ಹೆಸರು. ಈ ಗೊಂದಲವನ್ನು ಬಿಡಿಸುವುದು ಸಂಘದ ದೊಡ್ಡ ಕೆಲಸವಾಯಿತು. ಬ್ಯಾಕ್ಟೀರಿಯಾ ಗುರುತಿಸಲು ಪ್ರಪಂಚದೆಲ್ಲೆಡೆ ಬಳಕೆಗೆ ಬಂದ ಬರ್ಜಿ ಕೈಪಿಡಿ 1923ರಲ್ಲಿ ಹೊರಬಂದದ್ದು ಆ ಸಂಘದ ಸಮಿತಿಯಿಂದಲೇ.

ಸಂಘದ ಸಭೆಗಳಲ್ಲಿ ನಡೆದ ಎಲ್ಲವೂ ಹೆಮ್ಮೆಯ ವಿಷಯವಲ್ಲ. ಆಲಿಸ್ ಇವಾನ್ಸ್ ಅವರ ಪ್ರಸಂಗ ಹಾಲಿನ ಜಿಲ್ಲೆಯವರು ಅಗತ್ಯ ತಿಳಿಯಬೇಕಾದದ್ದು. ಆಕೆ ಪೆನ್ಸಿಲ್ವೇನಿಯದ ರೈತ ಕುಟುಂಬದವರು. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ, ಬಳಿಕ ಓದು ಮುಂದುವರಿಸಿ, ಕೃಷಿ ಇಲಾಖೆಯ ಡೇರಿ ವಿಭಾಗ ಸೇರಿದ್ದರು. ಪಿಎಚ್.ಡಿ. ಇರಲಿಲ್ಲ. ಹಸುಗಳಲ್ಲಿ ಗರ್ಭಪಾತ ಉಂಟುಮಾಡುವ ಬ್ಯಾಕ್ಟೀರಿಯಾ ಒಂದಿದೆ ಎಂದು 1897ರಲ್ಲೇ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ ತೋರಿಸಿದ್ದರು. ಮಾಲ್ಟಾ ದ್ವೀಪದಲ್ಲಿ ಸೈನಿಕರಿಗೆ ಬರುವ ಬಿಟ್ಟುಬಿಟ್ಟು ಕಾಡುವ ಜ್ವರಕ್ಕೆ ಬೇರೊಂದು ಜೀವಿ ಕಾರಣವೆಂದು 1887ರಲ್ಲಿ ಡೇವಿಡ್ ಬ್ರೂಸ್ ಹೇಳಿದ್ದರು. ಅದು ಮೇಕೆಯ ಹಾಲಿನಿಂದ ಬರುತ್ತಿತ್ತು. ಎರಡೂ ಬಹುತೇಕ ಒಂದೇ, ಹಾಗಾಗಿ ಕಾಯಿಸದ ಹಸುವಿನ ಹಾಲೂ ಮನುಷ್ಯರಿಗೆ ಅಪಾಯ ಎಂದು ಇವಾನ್ಸ್ 1917ರ ಡಿಸೆಂಬರಿನಲ್ಲಿ ಸಂಘದ ವಾರ್ಷಿಕ ಸಭೆಯಲ್ಲಿ ಹೇಳಿದರು.

ಸಭೆ ನಂಬಲಿಲ್ಲ. ಇಷ್ಟು ದೊಡ್ಡ ತಜ್ಞರಿಗೆ ಕಾಣದ್ದು ಈಕೆಗೆ ಕಂಡಿತೇ ಎಂಬ ಧೋರಣೆ. ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನದ ಭೀಷ್ಮನೆನಿಸಿದ ಥಿಯೊಬಾಲ್ಡ್ ಸ್ಮಿತ್ ಹಲವು ವರ್ಷ ವಿರೋಧಿಸಿದರು. ಹಾಲು ಮಾರುವವರಂತೂ ಸರಿಯೇ. 1920ರಿಂದ ಬೇರೆ ಪ್ರಯೋಗಾಲಯಗಳು ಅದೇ ಫಲಿತಾಂಶ ಕಾಣತೊಡಗಿದವು. ಎರಡೂ ಜೀವಿಗಳು ಬ್ರುಸೆಲ್ಲಾ ಎಂಬ ಒಂದೇ ಕುಲಕ್ಕೆ ಸೇರಿದವು. 1922ರಲ್ಲಿ ಆ ರೋಗ ಇವಾನ್ಸ್ ಅವರಿಗೇ ತಗಲಿ ವರ್ಷಗಟ್ಟಲೆ ಕಾಡಿತು. 1928ರಲ್ಲಿ ಅದೇ ಸಂಘ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಅವರು. ಹಾಲನ್ನು ಪಾಶ್ಚರೀಕರಿಸಿಯೇ ಮಾರಬೇಕೆಂಬ ನಿಯಮಗಳು ಅಲ್ಲಿ ವ್ಯಾಪಕವಾದದ್ದು ಇದರ ನಂತರವೇ.

ಇದು ಹಳೆಯ ಕತೆ ಎಂದು ಪಕ್ಕಕ್ಕಿಡುವಂತಿಲ್ಲ. ಕೋಲಾರ ಜಿಲ್ಲೆಯ ಕೊಟ್ಟಿಗೆಗಳಲ್ಲಿ ಕರು ಕಂದು ಹಾಕುವ ಹಸುವಿನ ಸಂಕಟ ಯಾರಿಗೂ ಹೊಸದಲ್ಲ. ಅದಕ್ಕೆ ಕಾರಣಗಳು ಹಲವು, ಬ್ರುಸೆಲ್ಲೋಸಿಸ್ ಅವುಗಳಲ್ಲೊಂದು. 2019ರಲ್ಲಿ ಕೇಂದ್ರ ಸರಕಾರ ಕಾಲುಬಾಯಿ ಜ್ವರದ ಜೊತೆಗೆ ಇದನ್ನೂ ಹತೋಟಿಗೆ ತರುವ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ. ಹಸುವಿನ ಹೆರಿಗೆ ಮಾಡಿಸಿದ ರೈತನಿಗೆ ತಿಂಗಳುಗಟ್ಟಲೆ ಜ್ವರ, ಕೀಲುನೋವು ಬಂದರೆ ಟೈಫಾಯಿಡ್ ಎಂದೋ ಮಲೇರಿಯ ಎಂದೋ ಔಷಧ ಕೊಡುವುದುಂಟು. ಪಶುವೈದ್ಯರೂ ಮನುಷ್ಯರ ವೈದ್ಯರೂ ಒಂದೇ ಮೇಜಿಗೆ ಬಂದರೆ ಮಾತ್ರ ಬಯಲಾಗುವ ರೋಗ ಇದು. ಇವಾನ್ಸ್ ಡೇರಿಯವರು, ಅವರ ಮಾತನ್ನು ಕೇಳಬೇಕಾಗಿದ್ದವರು ವೈದ್ಯರು. ಸಂಘದ ಬಾಗಿಲು ಡೇರಿಯವರಿಗೂ ತೆರೆದಿದ್ದುದರಿಂದ ಆ ಮಾತು ಕನಿಷ್ಠ ಕಿವಿಗಾದರೂ ಬಿತ್ತು.

ಬ್ರಿಟನ್ನಿನವರು ಈ ವಿಷಯದಲ್ಲಿ ತಡವಾಗಿ ಎಚ್ಚೆತ್ತರು. ಅಲ್ಲಿನ ಸಾಮಾನ್ಯ ಸೂಕ್ಷ್ಮಜೀವಿ ವಿಜ್ಞಾನ ಸಂಘ 1945ರ ಫೆಬ್ರುವರಿಯಲ್ಲಿ 241 ಸದಸ್ಯರೊಂದಿಗೆ ಹುಟ್ಟಿತು. ಪೆನಿಸಿಲಿನ್ ಖ್ಯಾತಿಯ ಅಲೆಗ್ಸಾಂಡರ್ ಫ್ಲೆಮಿಂಗ್ ಮೊದಲ ಅಧ್ಯಕ್ಷರು. ಭಾರತದ ಸೂಕ್ಷ್ಮಜೀವಿ ತಜ್ಞರ ಸಂಘ ಅದಕ್ಕಿಂತ ಏಳು ವರ್ಷ ಹಿರಿದು, 1938ರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ತಜ್ಞರ ಸಂಘ ಹುಟ್ಟಿದ್ದು ಇನ್ನೂ ಮೊದಲು, 1930ರಲ್ಲಿ.

ಮ್ಯಾಂಚೆಸ್ಟರಿನ ಸಭೆ, ಲಕ್ಷ್ಮೀಸಾಗರದ ಕೆರೆ

ದೊಡ್ಡ ಮಹಾಸಭೆಗಳಿಂದಲೇ ದೊಡ್ಡ ಸುದ್ದಿ ಬರುತ್ತದೆ ಎಂದು ತಿಳಿಯಬೇಕಿಲ್ಲ. ಕೋಲಾರದ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಪರಿಣಾಮ ಬೀರಿದ ವಿಜ್ಞಾನ ಸಭೆ ನಡೆದದ್ದು 1914ರ ಏಪ್ರಿಲ್ 3ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಒಂದು ಹೋಟೆಲಿನಲ್ಲಿ. ಅದು ರಾಸಾಯನಿಕ ಉದ್ಯಮ ಸಂಘದ ಪ್ರಾದೇಶಿಕ ಶಾಖೆಯ ಸಭೆ. ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬ ಇಬ್ಬರು ಊರಿನ ಚರಂಡಿ ನೀರಿನ ಬಗ್ಗೆ ಪ್ರಬಂಧ ಓದಿದರು. ಕೊಳಚೆ ನೀರಿಗೆ ಗಾಳಿ ಊದುತ್ತಾ ಹೋದರೆ ತಳದಲ್ಲಿ ಕೆಸರು ನಿಲ್ಲುತ್ತದೆ. ಅದನ್ನು ಚೆಲ್ಲದೆ ಉಳಿಸಿಕೊಂಡು ಹೊಸ ಕೊಳಚೆಗೆ ಬೆರೆಸಿದರೆ ಶುದ್ಧೀಕರಣ ಬಲುಬೇಗ ಆಗುತ್ತದೆ. ಹೆಪ್ಪು ಹಾಕಿ ಮೊಸರು ಮಾಡಿದ ಹಾಗೆ. ಕೆಸರಿನಲ್ಲಿ ಸೂಕ್ಷ್ಮಜೀವಿಗಳ ದಂಡು ಬೀಡುಬಿಟ್ಟಿರುತ್ತದೆ, ಅವೇ ಕೊಳೆಯನ್ನು ತಿಂದು ತೇಗುತ್ತವೆ. ಇದಕ್ಕೆ ಕ್ರಿಯಾಶೀಲ ಕೆಸರು ಎಂದು ಹೆಸರಾಯಿತು. ಪ್ರಪಂಚದ ದೊಡ್ಡ ನಗರಗಳ ಕೊಳಚೆ ಸಂಸ್ಕರಣೆ ಬಹುಪಾಲು ನಿಂತಿರುವುದು ಈ ವಿಧಾನ ಮತ್ತು ಅದರ ಮರಿಗಳ ಮೇಲೆ.

ಅವರಿಬ್ಬರನ್ನು ಈ ದಾರಿಗೆ ಹಚ್ಚಿದವರು ಗಿಲ್ಬರ್ಟ್ ಫೌಲರ್. ಅಮೆರಿಕದ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ 1912ರಲ್ಲಿ ಕಂಡ ಪ್ರಯೋಗವೊಂದು ಅವರ ತಲೆಯಲ್ಲಿ ಹೊಕ್ಕಿತ್ತು. ಅದೇ ಫೌಲರ್ 1916ರಲ್ಲಿ ಬೆಂಗಳೂರಿಗೆ ಬಂದರು, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿ. ಸಂಸ್ಥೆಯಲ್ಲಿ ಜೀವರಸಾಯನ ವಿಭಾಗ ಬೆಳೆದದ್ದು ಅವರ ಕೈಯಲ್ಲೇ.

ನೂರು ವರ್ಷ ಕಳೆದು, 2018ರ ಜೂನ್‌ನಲ್ಲಿ, ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೊಳವೆಯಲ್ಲಿ ಹರಿದು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಿತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರೆಗೆ ನೂರಿಪ್ಪತ್ತಕ್ಕೂ ಹೆಚ್ಚು ಕೆರೆಗಳನ್ನು ತುಂಬಿಸಿ ಅಂತರ್ಜಲ ಮೇಲೆತ್ತುವ ಯೋಜನೆ. ದಿನಕ್ಕೆ 44 ಕೋಟಿ ಲೀಟರ್ ಗುರಿ. ಶಾಶ್ವತ ನದಿಯಿಲ್ಲದ, ಕೊಳವೆಬಾವಿ ಸಾವಿರ ಅಡಿ ದಾಟಿದ ಸೀಮೆಯಲ್ಲಿ ಕೆರೆ ತುಂಬಿದ್ದೇ ಒಂದು ಹಬ್ಬ. ಮುಂದಿನ ತಿಂಗಳೇ ನೀರಿನಲ್ಲಿ ನೊರೆ ಕಂಡಿತು. ವಿಷಯ ಹೈಕೋರ್ಟಿಗೆ ಹೋಗಿ ಹರಿವು ನಿಂತು, ಮತ್ತೆ ಅನುಮತಿ ಸಿಕ್ಕಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಏಪ್ರಿಲ್‌ನಲ್ಲಿ ತಡೆ ತೆರವಾಯಿತು.

ಆ ದಿನಗಳಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಈ ಜಿಲ್ಲೆಯ ಚಹಾದಂಗಡಿಗಳ ಮಾತಾಯಿತು. ಎರಡು ಹಂತದ ಶುದ್ಧೀಕರಣ ಸಾಕೇ, ಮೂರನೆಯದೂ ಬೇಕೇ ಎಂದು ರೈತರು ಚರ್ಚಿಸಿದರು. ಎರಡನೆಯ ಹಂತವೆಂದರೆ ಬೇರೇನಲ್ಲ, ಮ್ಯಾಂಚೆಸ್ಟರಿನ ಸಭೆಯಲ್ಲಿ ವಿವರಿಸಿದ ಬಗೆಯ ಜೈವಿಕ ಶುದ್ಧಿ. ಅದು ಕೊಳೆಯನ್ನು ಬಹಳಷ್ಟು ತೆಗೆಯುತ್ತದೆ. ಆದರೆ ಸಾರಜನಕ, ರಂಜಕ, ಉಳಿದ ರೋಗಾಣುಗಳನ್ನು ಪೂರ್ತಿ ಹಿಡಿಯಲು ಮೂರನೆಯ ಹಂತ ಬೇಕು. ಅಂತರ್ಜಲ ಮೇಲೆ ಬಂದಿದೆ, ಬೆಳೆ ಬಂದಿದೆ ಎಂದು ಒಂದು ಕಡೆಯವರು. ನೆಲಕ್ಕೆ ಏನು ಇಳಿಯುತ್ತಿದೆ ಎಂದು ತಿಳಿದಿದೆಯೇ ಎಂದು ಇನ್ನೊಂದು ಕಡೆಯವರು. ಎರಡೂ ಕಡೆಯವರ ಕೈಯಲ್ಲಿ ಪ್ರಯೋಗಾಲಯದ ವರದಿಗಳಿದ್ದವು. ಅವುಗಳನ್ನು ಸಾಮಾನ್ಯರ ಎದುರು ಓದಿ, ಮಾದರಿ ಎಲ್ಲಿ ತೆಗೆದದ್ದು, ಯಾವ ಹೊತ್ತಿನಲ್ಲಿ, ಎಷ್ಟು ಗಂಟೆ ಕಳೆದ ಮೇಲೆ ಪರೀಕ್ಷಿಸಿದ್ದು ಎಂದು ಕೇಳುವ ವಿಚಾರ ನಡೆದದ್ದು ಮುಖ್ಯವಾಗಿ ನ್ಯಾಯಾಲಯಗಳಲ್ಲಿ. ನ್ಯಾಯಾಲಯ ಇದಕ್ಕೆ ತೀರಾ ದುಬಾರಿಯ ಜಾಗ. ನೀರಿನಲ್ಲಿ ಕೋಲಿಫಾರ್ಮ್ ಎಣಿಸುವುದು ಸೂಕ್ಷ್ಮಜೀವಿ ವಿಜ್ಞಾನದ ಅತ್ಯಂತ ಹಳೆಯ ಪರೀಕ್ಷೆಗಳಲ್ಲೊಂದು. ಅದನ್ನು ಬಲ್ಲವರು ಈ ಜಿಲ್ಲೆಯಲ್ಲೇ ಇದ್ದಾರೆ.

ಕೋಲಾರದ ಟಮಕದಲ್ಲಿ 1986ರಿಂದ ದೇವರಾಜ ಅರಸು ವೈದ್ಯಕೀಯ ಕಾಲೇಜಿದೆ; 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಒಡೆದು ಬೆಂಗಳೂರು ಉತ್ತರ ವಿಶ್ವವಿದ್ಯಾಲಯವೂ ಇಲ್ಲಿಗೇ ಬಂತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಪ್ರಯೋಗಾಲಯಗಳಿವೆ. ಎರಡನೆಯ ಕಣ್ಣಿನ ಶಿಸ್ತು ಅಲ್ಲಿಗೆ ಹೊಸದಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಕೆಲಸದಿಂದ ದೇಶದ ಕ್ಷಯ ನಿಯಂತ್ರಣ ಹಳ್ಳಿಯ ಸೂಕ್ಷ್ಮದರ್ಶಕದವರೆಗೆ ಇಳಿಯಿತು. ಆ ಕಾರ್ಯಕ್ರಮ ರೂಢಿಗೆ ತಂದ ಒಂದು ಪದ್ಧತಿ ಗಮನಾರ್ಹ: ತಾಲ್ಲೂಕಿನ ತಂತ್ರಜ್ಞರು ನೋಡಿದ ಕಫದ ಗಾಜುಪಟ್ಟಿಗಳಲ್ಲಿ ಕೆಲವನ್ನು ಆರಿಸಿ, ಮೊದಲ ಫಲಿತಾಂಶ ಹೇಳದೆ, ಇನ್ನೊಬ್ಬರಿಗೆ ಕೊಟ್ಟು ನೋಡಿಸುವುದು. ಇಬ್ಬರ ಉತ್ತರ ಹೊಂದದಿದ್ದರೆ ಮೂರನೆಯವರು ನೋಡಬೇಕು. ಯಾರ ಮರ್ಯಾದೆಯೂ ಇದರಲ್ಲಿ ಹೋಗುವುದಿಲ್ಲ. ರೋಗಿಯ ಜೀವ ಉಳಿಯುತ್ತದೆ.

ಆದರೆ ಸಂಘಗಳ ಸದಸ್ಯತ್ವ ಅಭಿಯಾನ ಸಾಮಾನ್ಯವಾಗಿ ಈ ತಂತ್ರಜ್ಞರವರೆಗೆ ಇಳಿಯುವುದಿಲ್ಲ. ಅರ್ಜಿ ತಲುಪುವುದು ಉಪನ್ಯಾಸಕರಿಗೆ, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ. ವೈದ್ಯಕೀಯದವರದು ಒಂದು ಸಂಘ, ಕೃಷಿಯವರದು ಇನ್ನೊಂದು, ಪಶುವೈದ್ಯರದು ಮತ್ತೊಂದು. ರೇಷ್ಮೆಯವರು ತಮ್ಮಷ್ಟಕ್ಕೆ, ಹಾಲಿನವರು ತಮ್ಮಷ್ಟಕ್ಕೆ. ವೃತ್ತಿಯ ಅರ್ಹತೆ ಕಾಯ್ದುಕೊಳ್ಳಬೇಕೆಂಬ ಸಂಘಗಳ ಮಾತಿನಲ್ಲಿ ಹುರುಳಿದೆ. ಯಾರು ಬೇಕಾದರೂ ತಜ್ಞರೆನಿಸಿಕೊಂಡರೆ ಅದರ ಅನಾಹುತ ಬೇರೆ. ಆದರೂ ಸಹ ಸದಸ್ಯತ್ವವೆಂಬ ಸಣ್ಣ ಕಿಟಕಿಯೊಂದು ಸಾಕು, ವರ್ಷಕ್ಕೊಂದು ದಿನ ಶ್ರೀನಿವಾಸಪುರದ ಪ್ರಯೋಗಾಲಯದವರೂ ಟಮಕದ ಪ್ರಾಧ್ಯಾಪಕರೂ ಒಂದೇ ಗಾಜುಪಟ್ಟಿಯ ಮೇಲೆ ಬಗ್ಗಿ ನೋಡಲು.

ಈ ಜಿಲ್ಲೆಯ ಸೂಕ್ಷ್ಮಜೀವಿ ಕೆಲಸದಲ್ಲಿ ತೀರಾ ಸದ್ದಿಲ್ಲದ್ದು ಹಾಲಿನದು. ಹಳ್ಳಿ ಹಳ್ಳಿಯ ಸಹಕಾರ ಸಂಘಗಳಿಂದ ಬಂದ ಹಾಲಿನ ಮಾದರಿಗೆ ಮೆಥಿಲೀನ್ ಬ್ಲೂ ಎಂಬ ಬಣ್ಣ ಹಾಕಿ, ಪ್ರನಾಳವನ್ನು 37 ಡಿಗ್ರಿ ಬಿಸಿನೀರಿನಲ್ಲಿಟ್ಟು ಕಾಯುತ್ತಾರೆ. ಬ್ಯಾಕ್ಟೀರಿಯಾ ಹೆಚ್ಚಿದ್ದಷ್ಟೂ ನೀಲಿ ಬೇಗ ಮಾಯವಾಗುತ್ತದೆ. ಐದು ಗಂಟೆ ದಾಟಿಯೂ ಬಣ್ಣ ನಿಂತರೆ ಬಹಳ ಒಳ್ಳೆಯ ಹಾಲು; ಅರ್ಧ ಗಂಟೆಯೊಳಗೆ ಬೆಳ್ಳಗಾದರೆ ಕಳಪೆ. ಪರೀಕ್ಷಕರು ನಡುನಡುವೆ ಬಂದು ಪ್ರನಾಳವನ್ನು ಬೆಳಕಿಗೆ ಹಿಡಿದು ನೋಡಿ, ಗಡಿಯಾರ ನೋಡಿ, ಪುಸ್ತಕದಲ್ಲಿ ಬರೆದಿಡುತ್ತಾರೆ.